ತುರ್ತು ಚಿಕಿತ್ಸಾ ವಿಭಾಗಕ್ಕೆ ಪ್ರತಿ ವರ್ಷ ತನ್ನದೇ ಹಣ ಬೇಕು: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ ಮತ್ತು ಆರ್ಥಿಕ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಒಂದು ವೈದ್ಯಕೀಯ ಕಾಲೇಜಿನ ತುರ್ತು ಚಿಕಿತ್ಸಾ ವಿಭಾಗದಲ್ಲಿ ಡ್ಯೂಟಿ ಮಾಡುತ್ತೇನೆ, ಅಲ್ಲೇ ಪಾಠವನ್ನೂ ಮಾಡುತ್ತೇನೆ. ಮುಂದಿನ ಬಜೆಟ್‌ಗೆ ಇಲಾಖೆಗಳು ತಮ್ಮ ತಮ್ಮ ಬೇಡಿಕೆ ಕೊಡುವ ಹೊತ್ತಿಗೆ ಒಂದು ವಿಷಯ ತಮ್ಮ ಮೇಜಿನ ಮೇಲಿರಬೇಕು. ರಾಜ್ಯದ ವೈದ್ಯಕೀಯ ಕಾಲೇಜುಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ, ಅಂದರೆ ಬಜೆಟ್ಟಿನಲ್ಲಿ ತಮ್ಮದೇ ಹಣದ ಖಾತೆ, ಬೇಕು. ಅದರಲ್ಲಿ ಪ್ರತಿ ವರ್ಷ, ತಪ್ಪದೆ, ಹಣ ಬರಬೇಕು. ಕಟ್ಟಡಕ್ಕೊಮ್ಮೆ, ಯಂತ್ರಕ್ಕೊಮ್ಮೆ ಸಿಗುವ ಹಣ ಇದಲ್ಲ. ಹುದ್ದೆಗೆ, ಔಷಧಕ್ಕೆ, ರಿಪೇರಿಗೆ, ಕಲಿಸುವುದಕ್ಕೆ ವರ್ಷಪೂರ್ತಿ ಸಿಗುವ ಹಣ.

ಇದನ್ನು ಕಡತದಲ್ಲಿ ಬರೆದು ಕಳಿಸಬಹುದಿತ್ತು. ಆದರೆ ಈ ಹಣ ಜನರದ್ದು, ಸ್ಟ್ರೆಚರ್ ಮೇಲೆ ಬರುವವರೂ ಅವರೇ. ಅವರಿಗೂ ಗೊತ್ತಾಗಲಿ ಅಂತ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಈ ವಿಭಾಗ ಏನು ಮಾಡುತ್ತದೆ ಅಂತ ಹೇಳಬೇಕು. ಯಾಕಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಕ್ಯಾಶುವಲ್ಟಿ ಅಂದರೆ ಈಗಲೂ ಒಂದು ಹಳೇ ಚಿತ್ರವೇ ಕಣ್ಮುಂದೆ ಬರುತ್ತದೆ. ಬಾಗಿಲ ಹತ್ತಿರ ಒಂದು ಮೇಜು, ಪೊಲೀಸ್ ಪ್ರಕರಣಗಳನ್ನು ಬರೆಯುವ ಎಂಎಲ್‌ಸಿ ಪುಸ್ತಕ, ಹೆಸರು ವಿಳಾಸ ಬರೆದುಕೊಳ್ಳುವ ಡ್ಯೂಟಿ ಡಾಕ್ಟರ್, ಹೊಲಿಗೆ ಹಾಕುವ ಹೌಸ್ ಸರ್ಜನ್. ಜೋರಾಗಿದ್ದರೆ ಮೇಲಿನ ವಾರ್ಡಿಗೆ ಫೋನ್. ಅಲ್ಲಿಂದ ಡಾಕ್ಟರ್ ಇಳಿದು ಬರುವವರೆಗೆ ಕಾಯುವುದು. 2009ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ಸ್ನಾತಕೋತ್ತರ ವಿಷಯ ಅಂತ ಒಪ್ಪಿಕೊಂಡಿತು. ಅಲ್ಲಿಂದಾಚೆಗೆ ಈ ಚಿತ್ರ ನಿಧಾನವಾಗಿ ಬದಲಾಗುತ್ತಿದೆ. ಎದೆನೋವು, ಪಾರ್ಶ್ವವಾಯು, ಅಪಘಾತ, ವಿಷ, ಹಾವು ಕಡಿತ, ಮೂರ್ಛೆ ಬಂದ ಮಗು, ರಕ್ತಸ್ರಾವದ ಬಸುರಿ, ಯಾರೇ ಬರಲಿ, ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು ಅನ್ನುವುದನ್ನೇ ಮೂರು ವರ್ಷ ಕಲಿತ ಡಾಕ್ಟರ್ ಬಾಗಿಲಲ್ಲೇ ನಿಂತಿರುತ್ತಾರೆ. ಮೇಲಿನಿಂದ ಯಾರೋ ಇಳಿದು ಬರಲಿ ಅಂತ ಕಾಯುವುದಿಲ್ಲ.

ಇನ್ನೊಂದು ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಕಲಿಸುವುದು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು, ಅಂದರೆ ಪಿಜಿಗಳಷ್ಟೇ ಅಲ್ಲ, ಎಂಬಿಬಿಎಸ್ ಮುಗಿಸಿದ ಪ್ರತಿಯೊಬ್ಬ ಹೌಸ್ ಸರ್ಜನ್ ಕೂಡ ಸುಮಾರು ಎರಡು ವಾರ ಇಲ್ಲಿ ಕೆಲಸ ಮಾಡುತ್ತಾರೆ. ಮುಂದೆ ಯಾವುದೋ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ಇರುವಾಗ, ರಾತ್ರಿ ಹೊತ್ತು ಹಾವು ಕಚ್ಚಿದವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದರೆ, ಅವರಿಗೆ ನೆನಪಾಗುವುದು ಈ ಎರಡು ವಾರ. ನರ್ಸಿಂಗ್ ವಿದ್ಯಾರ್ಥಿಗಳು, ತುರ್ತು ಮತ್ತು ಅಪಘಾತ ಚಿಕಿತ್ಸಾ ತಂತ್ರಜ್ಞಾನದ ಬಿಎಸ್ಸಿ ಓದುವ ಮಕ್ಕಳು, ಆಂಬುಲೆನ್ಸ್ ಸಿಬ್ಬಂದಿ, ಇವರಿಗೂ ಕೈಹಿಡಿದು ಕಲಿಸುವ ಜಾಗ ಇದೇ. ಬೆಂಗಳೂರಿನಲ್ಲಿ ಒಂದು ವಿಭಾಗ ಸೊರಗಿದರೆ ಅದರ ಪೆಟ್ಟು ಬೀದರ್‌ಗೂ ತಾಗುತ್ತದೆ, ಚಾಮರಾಜನಗರಕ್ಕೂ ತಾಗುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಕೀಟನಾಶಕದ ವಿಷವೇರಿದವರು ಬರುತ್ತಾರೆ. ಮಾಗಡಿ ಕಡೆಯಿಂದ, ಕನಕಪುರದ ಕಡೆಯಿಂದ, ಕೋಲಾರದಿಂದ. ನಮ್ಮ ಕೃಷಿ ಸೀಮೆಯ ದೊಡ್ಡ ಸಂಕಟ ಇದು. ಬಾಯಲ್ಲಿ ನೊರೆ, ಎದೆ ತುಂಬ ಗೊರಗೊರ ಸದ್ದು, ಕಣ್ಣಪಾಪೆ ಸೂಜಿಮೊನೆಯಷ್ಟು ಕಿರಿದು. ಬಟ್ಟೆ ಬಿಚ್ಚಿ ಮೈ ತೊಳೆಯಬೇಕು, ಉಸಿರಿನ ದಾರಿ ನೋಡಬೇಕು, ಜೊತೆಗೇ ವಿಷಕ್ಕೆ ಎದುರಾಗಿ ಅಟ್ರೋಪಿನ್ ಚುಚ್ಚುಮದ್ದು ಶುರು ಮಾಡಬೇಕು. ನಮ್ಮಲ್ಲಿ ಸಿಗುವ ಆಂಪೂಲ್‌ನಲ್ಲಿ, ಅಂದರೆ ಔಷಧದ ಪುಟ್ಟ ಗಾಜಿನ ಸೀಸೆಯಲ್ಲಿ, ಇರುವುದು 0.6 ಮಿಲಿಗ್ರಾಂ. ಮೊದಲು ಮೂರು ಆಂಪೂಲ್. ಐದು ನಿಮಿಷ ಬಿಟ್ಟು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಬೇಕು. ಇನ್ನೂ ನೀರಿನ ಸದ್ದಿದ್ದರೆ ಆರು. ಮತ್ತೆ ಐದು ನಿಮಿಷ, ಹನ್ನೆರಡು. ಆಮೇಲೆ ಇಪ್ಪತ್ನಾಲ್ಕು. ಎದೆ ಒಣಗುವವರೆಗೆ, ನಾಡಿ ಏರುವವರೆಗೆ ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಬೇಕು. ಒಬ್ಬ ನರ್ಸ್ ಆಂಪೂಲ್ ಒಡೆಯುತ್ತಲೇ ಇರಬೇಕು, ಇನ್ನೊಬ್ಬರು ಸಿರಿಂಜಿಗೆ ಎಳೆಯುತ್ತಲೇ ಇರಬೇಕು, ಪಿಜಿ ಎದೆ ಕೇಳುತ್ತಲೇ ಇರಬೇಕು. ಒಬ್ಬ ರೋಗಿಗೆ ಮೂರು ಜನ, ಅರ್ಧ ಗಂಟೆಗೂ ಜಾಸ್ತಿ ಹೊತ್ತು, ಬೇರೆ ಕಡೆ ತಿರುಗಿ ನೋಡುವ ಹಾಗಿಲ್ಲ. ಅದೇ ಹೊತ್ತಿಗೆ ಪಕ್ಕದ ಬೆಡ್ಡಿಗೆ ನೈಸ್ ರಸ್ತೆಯಲ್ಲಿ ಬಿದ್ದ ಹುಡುಗ ಬಂದಿರುತ್ತಾನೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಇಂಥ ಕೆಲವು ರೋಗಿಗಳು ಮೊದಲ ದಿನ ಚೇತರಿಸಿಕೊಳ್ಳುತ್ತಾರೆ, ಮಾತಾಡುತ್ತಾರೆ, ಮನೆಯವರಿಗೆ ಜೀವ ಬಂದಂತಾಗುತ್ತದೆ. ಎರಡನೇ ದಿನವೋ ಮೂರನೇ ದಿನವೋ ಕುತ್ತಿಗೆಯ ಸ್ನಾಯು ಸೋಲುತ್ತದೆ. ಆಮೇಲೆ ಉಸಿರಾಟದ ಸ್ನಾಯು. ಮುಂಚೆಯೇ ಗುರುತಿಸಿದರೆ ವೆಂಟಿಲೇಟರ್‌ಗೆ ಹಾಕಿ ಉಳಿಸಬಹುದು. ಗುರುತಿಸುವುದಕ್ಕೆ ಸ್ಕ್ಯಾನ್ ಬೇಡ, ಲ್ಯಾಬ್ ಬೇಡ. ಪ್ರತಿ ರೌಂಡ್ಸ್‌ನಲ್ಲೂ "ದಿಂಬಿನಿಂದ ತಲೆ ಎತ್ತಿ ನೋಡೋಣ" ಅಂತ ಕೇಳಬೇಕು, ಅಷ್ಟೇ. ಎತ್ತಲಾಗದಿದ್ದರೆ ಎಚ್ಚರಿಕೆ. ಈ ಒಂದು ಮಾತನ್ನು ಹಾಸಿಗೆ ಪಕ್ಕ ನಿಂತು ಕಲಿಸಬೇಕು. ಪುಸ್ತಕದಲ್ಲಿ ಓದಿದವರು ಪರೀಕ್ಷೆಯಲ್ಲಿ ಬರೆಯುತ್ತಾರೆ, ಬೆಳಗಿನ ಜಾವ ನಾಲ್ಕಕ್ಕೆ ಮರೆಯುತ್ತಾರೆ. ಹಿರಿಯರ ಜೊತೆ ನಿಂತು ಕಲಿತವರು ಮರೆಯುವುದಿಲ್ಲ.

ಈಗ ಹಣದ ವಿಷಯಕ್ಕೆ ಬರೋಣ. ಆ ಅರ್ಧ ಗಂಟೆಗೆ, ಆ ಮೂರು ಜನಕ್ಕೆ, ಆ ಪಾಠಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? 2018ರಿಂದ ನಮ್ಮಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿದ ಯೋಜನೆ ಇದು, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಅದರ ಲೆಕ್ಕ ಪ್ಯಾಕೇಜ್ ಲೆಕ್ಕ. ಇಂಥ ಆಪರೇಷನ್‌ಗೆ ಇಷ್ಟು, ಇಂಥ ಚಿಕಿತ್ಸೆಗೆ ಇಷ್ಟು. ರೋಗಿ ಯಾವ ವಿಭಾಗದಲ್ಲಿ ದಾಖಲಾಗುತ್ತಾರೋ ಅದರ ಹೆಸರಿನಲ್ಲಿ ಕ್ಲೇಮ್ ಹೋಗುತ್ತದೆ. ಮೂಳೆ ಜೋಡಿಸಿದರೆ ಆರ್ಥೋ ವಿಭಾಗದ ಹೆಸರು, ಸ್ಟೆಂಟ್ ಹಾಕಿದರೆ ಹೃದ್ರೋಗ ವಿಭಾಗದ ಹೆಸರು. ಅವರು ಆಪರೇಷನ್ ಟೇಬಲ್‌ವರೆಗೆ ಜೀವಂತ ತಲುಪಿದ್ದು ಯಾರಿಂದ ಅನ್ನುವುದು ಕ್ಲೇಮ್‌ನಲ್ಲಿ ಎಲ್ಲೂ ಬರುವುದಿಲ್ಲ. ಎದೆನೋವು ಅಂತ ಬಂದವರನ್ನು ಆರು ಗಂಟೆ ಇಟ್ಟುಕೊಂಡು, ಎರಡು ಸಲ ಇಸಿಜಿ, ಎರಡು ಸಲ ರಕ್ತಪರೀಕ್ಷೆ ಮಾಡಿ, "ಹಾರ್ಟ್ ಚೆನ್ನಾಗಿದೆ, ಮನೆಗೆ ಹೋಗಿ" ಅಂತ ಕಳಿಸಿದರೆ ಪ್ಯಾಕೇಜೂ ಇಲ್ಲ, ಕ್ಲೇಮೂ ಇಲ್ಲ. ಒಂದು ಅಡ್ಮಿಷನ್ ತಪ್ಪಿತು, ಒಂದು ಬೆಡ್ ಉಳಿಯಿತು, ರೋಗಿಗೆ ನೆಮ್ಮದಿ ಸಿಕ್ಕಿತು. ಪುಸ್ತಕದಲ್ಲಿ ಮಾತ್ರ ಅದು ವಿಭಾಗದ ಖರ್ಚು.

ಖಾಸಗಿ ಕಡೆ ಇದೇ ಸಮಸ್ಯೆಯ ಇನ್ನೊಂದು ಮುಖ ಇದೆ. ಅಲ್ಲಿ ತುರ್ತು ವಿಭಾಗದ ಬೆಲೆ ಕಟ್ಟುವುದು ಎಷ್ಟು ಜನರನ್ನು ಒಳಗೆ ದಾಖಲು ಮಾಡಿಸಿತು ಅನ್ನುವುದರ ಮೇಲೆ. ಹಾಗೆ ಲೆಕ್ಕ ಹಾಕಿದರೆ ಒಳ್ಳೆಯ ಡಾಕ್ಟರನ್ನೂ ತಪ್ಪು ದಾರಿಗೆ ತಳ್ಳಿದಂತೆ ಆಗುತ್ತದೆ. ನಾನು ಇದನ್ನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ.

ತುರ್ತು ವಿಭಾಗದ ನಿಜವಾದ ಖರ್ಚು ತಯಾರಾಗಿರುವುದರ ಖರ್ಚು. ರೋಗಿ ಬಂದರೂ ಬಾರದಿದ್ದರೂ ಬೆಡ್ ಸಿದ್ಧ ಇರಬೇಕು, ಆಮ್ಲಜನಕ ಇರಬೇಕು, ಡಾಕ್ಟರ್ ಇರಬೇಕು. ಅಗ್ನಿಶಾಮಕ ಠಾಣೆಯ ಸಂಬಳವನ್ನು ಆ ತಿಂಗಳು ಎಷ್ಟು ಬೆಂಕಿ ಬಿತ್ತು ಅಂತ ನೋಡಿ ಯಾರೂ ಕೊಡುವುದಿಲ್ಲ ಅಲ್ವಾ? ನಮಗೆ ಬೇಕಿರುವುದೂ ಅಂಥದೇ ವ್ಯವಸ್ಥೆ.

ಒಂದು ಸಣ್ಣ ಲೆಕ್ಕ ನೋಡಿ. ವಾರಕ್ಕೆ 168 ಗಂಟೆ. ಒಬ್ಬ ನರ್ಸ್ ವಾರಕ್ಕೆ 48 ಗಂಟೆ ಕೆಲಸ ಮಾಡಿದರೂ ಒಂದು ಜಾಗದಲ್ಲಿ ಸದಾ ಒಬ್ಬರು ಇರಬೇಕು ಅಂದರೆ ಮೂರೂವರೆ ಜನ ಬೇಕು. ರಜೆ, ಹೆರಿಗೆ ರಜೆ, ಕಾಯಿಲೆ, ತರಬೇತಿ ಸೇರಿಸಿದರೆ ಐದು. ಅಂದರೆ ಜೀವಕ್ಕೆ ಅಪಾಯ ಇರುವವರನ್ನು ನೋಡುವ ರೆಡ್ ಏರಿಯಾದಲ್ಲಿ ನಾಲ್ಕು ಬೆಡ್‌ಗೆ ಸದಾ ಇಬ್ಬರು ನರ್ಸ್ ಅಂದರೂ ಹತ್ತು ಹುದ್ದೆ ಮಂಜೂರಾಗಬೇಕು. ನಡೆಯುತ್ತಿರುವುದು ಏನು? ಬೇರೆ ವಾರ್ಡಿನಿಂದ ನಿಯೋಜನೆ. ಅಲ್ಲಿ ಜನ ಕಡಿಮೆಯಾದಾಗ ವಾಪಸ್ ಕರೆಸಿಕೊಳ್ಳುತ್ತಾರೆ. ಆರು ತಿಂಗಳು ಕಲಿಸಿ, ಕೈ ಪಳಗಿದ ಹೊತ್ತಿಗೆ ಸಿಸ್ಟರ್ ಕಣ್ಣಿನ ವಾರ್ಡಿಗೆ ಹೋಗಿರುತ್ತಾರೆ. ಹೊಸಬರು ಬರುತ್ತಾರೆ. ಮತ್ತೆ ಮೊದಲಿಂದ. ಇದರಲ್ಲಿ ಆ ಸಿಸ್ಟರ್ ತಪ್ಪಿಲ್ಲ, ನರ್ಸಿಂಗ್ ಸೂಪರಿಂಟೆಂಡೆಂಟ್ ತಪ್ಪೂ ಇಲ್ಲ. ವಿಭಾಗಕ್ಕೆ ತನ್ನದೇ ಹುದ್ದೆ ಇಲ್ಲ, ಅಷ್ಟೇ.

ಯಂತ್ರಗಳ ಕಥೆಯೂ ಹೀಗೇ. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಮೂಲೆಯಲ್ಲಿ ಒಂದು ವೆಂಟಿಲೇಟರ್ ನಿಂತಿತ್ತು. ದಾನ ಕೊಟ್ಟ ಕಂಪನಿಯ ಹೆಸರಿನ ಸ್ಟಿಕ್ಕರ್ ಮಾಸಿರಲಿಲ್ಲ. ಮೇಲೆ ಹಸಿರು ಬಟ್ಟೆ ಹೊದಿಸಿದ್ದರು. ಕೆಟ್ಟಿದ್ದು ಗಾಳಿಯ ಹರಿವು ಅಳೆಯುವ ಫ್ಲೋ ಸೆನ್ಸರ್, ಇಡೀ ಯಂತ್ರದ ಬೆಲೆಗೆ ಹೋಲಿಸಿದರೆ ಏನೂ ಅಲ್ಲ. ವಾರಂಟಿ ಮುಗಿದಿತ್ತು. ಎಎಂಸಿಗೆ, ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ, ಹಣ ಯಾವ ಲೆಕ್ಕದಿಂದ ಅಂತ ಕೇಳಿ ಬರೆದ ಕಾಗದ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಅದರ ಪಕ್ಕದಲ್ಲೇ, ಮೂರು ಅಡಿ ದೂರದಲ್ಲಿ, ಒಬ್ಬ ತಂದೆ ಮಗಳಿಗೆ ಉಸಿರು ಕೊಡಲು ಅಂಬು ಬ್ಯಾಗನ್ನು ಕೈಯಲ್ಲಿ ಒತ್ತುತ್ತಾ ಕೂತಿದ್ದರು. ಕೈ ಸೋತಾಗ ತಮ್ಮನನ್ನು ಕೂರಿಸಿ ಹೊರಗೆ ಹೋಗಿ ನೀರು ಕುಡಿದು ಬರುತ್ತಿದ್ದರು. ಹೊಸ ವೆಂಟಿಲೇಟರ್ ಕೊಡಿಸುತ್ತೇವೆ ಅಂತ ಮುಂದೆ ಬರುವ ದಾನಿಗಳು ಬೆಂಗಳೂರಿನಲ್ಲಿ ಸಿಗುತ್ತಾರೆ. ಅವರ ಮನಸ್ಸು ದೊಡ್ಡದು. ಆದರೆ ಸೆನ್ಸರ್‌ಗೆ, ಬ್ಯಾಟರಿಗೆ, ಟ್ಯೂಬಿಂಗ್‌ಗೆ, ಪ್ರತಿ ವರ್ಷದ ಸರ್ವಿಸ್‌ಗೆ ಕೊಡುವ ದಾನಿ ಎಲ್ಲಿ ಸಿಗುತ್ತಾರೆ? ಅದು ಸರ್ಕಾರದ ಕೆಲಸ.

ಕಾನೂನಿನ ಮಟ್ಟಿಗೆ ನಮ್ಮ ದೇಶ ಹಿಂದೆ ಬಿದ್ದಿಲ್ಲ. 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಾಯಾಳುವಿಗೆ ಮೊದಲು ಚಿಕಿತ್ಸೆ, ಪೊಲೀಸ್ ವಿಧಿವಿಧಾನ ಆಮೇಲೆ ಅಂತ ಹೇಳಿತು. ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ತುರ್ತು ಇದ್ದಾಗ ಮುಂಗಡ ಕಟ್ಟಿ ಅಂತ ರೋಗಿಯನ್ನು ಕಾಯಿಸುವಂತಿಲ್ಲ. ಅಪಘಾತದಲ್ಲಿ ನೆರವಾದವರಿಗೆ ತೊಂದರೆ ಕೊಡಬಾರದು ಅಂತ 2016ರಲ್ಲಿ ನಮ್ಮ ವಿಧಾನಮಂಡಲ ಒಂದು ಮಸೂದೆ ಒಪ್ಪಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಶುರುವಾಯಿತು. ಇವೆಲ್ಲ ಸೇರಿ ರೋಗಿಯನ್ನು ಬೇಗ ನಮ್ಮ ಬಾಗಿಲಿಗೆ ತಂದು ಬಿಡುತ್ತವೆ. ಬಾಗಿಲ ಒಳಗಿನ ವ್ಯವಸ್ಥೆಗೆ ಮಾತ್ರ ಅಷ್ಟೇ ಗಟ್ಟಿಯಾದ ಹಣದ ಬಲ ಸಿಕ್ಕಿಲ್ಲ.

ಈ ವಿಷಯದಲ್ಲಿ 1996ರ ಒಂದು ತೀರ್ಪು ಬಹಳ ಮುಖ್ಯ. ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕ ಸಂಘಟನೆಯೊಂದು ಹಾಕಿದ ಪ್ರಕರಣ. ಅದರ ಸದಸ್ಯರೊಬ್ಬರು 1992ರ ಜುಲೈಯಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂದು ಕಡೆ ಬೆಡ್ ಇಲ್ಲ, ಒಂದು ಕಡೆ ಸೌಲಭ್ಯ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸೇರಿಸಬೇಕಾಯಿತು. ಕೋರ್ಟ್ ಅವರಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಸಕಾಲಕ್ಕೆ ತುರ್ತು ಚಿಕಿತ್ಸೆ ಸಿಗದಿದ್ದರೆ ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿಗೆ ಧಕ್ಕೆ ಬರುತ್ತದೆ, ಹಣ ಇಲ್ಲ ಅನ್ನುವ ಕಾರಣಕ್ಕೆ ಸರ್ಕಾರ ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಅಂತ ಹೇಳಿತು. ಆರ್ಥಿಕ ಇಲಾಖೆಯ ಅಧಿಕಾರಿಗಳು ಈ ಮಾತನ್ನು ದಯವಿಟ್ಟು ಮತ್ತೊಮ್ಮೆ ಓದಬೇಕು.

ಹೊಣೆ ಹೊರಿಸಿ ಹಣ ಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕ ಒಳ್ಳೆಯ ಪಾಠ. ತುರ್ತು ಚಿಕಿತ್ಸೆಯಲ್ಲಿ ಮೊದಲ ಪಿಜಿ ತರಬೇತಿ ಶುರುವಾಗಿದ್ದು ಅಲ್ಲಿನ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ, 1970ರಲ್ಲಿ. 1986ರಲ್ಲಿ ಅಲ್ಲೊಂದು ಕಾನೂನು ಬಂತು. ದುಡ್ಡಿರಲಿ ಇಲ್ಲದಿರಲಿ, ತುರ್ತು ವಿಭಾಗಕ್ಕೆ ಬಂದವರನ್ನು ಪರೀಕ್ಷೆ ಮಾಡಲೇಬೇಕು, ಸ್ಥಿತಿ ಹತೋಟಿಗೆ ಬರುವವರೆಗೆ ನೋಡಲೇಬೇಕು. ಒಳ್ಳೆಯ ಕಾನೂನು. ಆದರೆ ಅದರ ಜೊತೆ ಹಣ ಬರಲಿಲ್ಲ. ಸುಮಾರು ನಾಲ್ಕು ದಶಕವಾಯಿತು, ಅಲ್ಲಿನ ಬೋಧನಾ ಆಸ್ಪತ್ರೆಗಳ ತುರ್ತು ವಿಭಾಗಗಳು ಇವತ್ತಿಗೂ ಹಣದ ಮೂಲ ಹುಡುಕುತ್ತಿವೆ. ಅಷ್ಟು ಶ್ರೀಮಂತ ದೇಶದಲ್ಲೇ ಬಿಲ್ ನಂಬಿಕೊಂಡು ಈ ವಿಭಾಗ ನಡೆಸಲು ಆಗಿಲ್ಲ. ಅದೇ ದೇಶದ ಮೇರಿಲ್ಯಾಂಡ್ ರಾಜ್ಯದಲ್ಲಿ ಗಾಡಿ ನೋಂದಣಿಯ ಜೊತೆ ಒಂದು ಸಣ್ಣ ಮೊತ್ತ ವಸೂಲಿ ಮಾಡಿ ತುರ್ತು ಸೇವೆಯ ನಿಧಿಗೆ ಹಾಕುತ್ತಾರೆ. ಅಪಘಾತ ಚಿಕಿತ್ಸಾ ಕೇಂದ್ರಕ್ಕೂ ಅದರಿಂದ ಪಾಲು ಹೋಗುತ್ತದೆ. ಈ ಉಪಾಯ ನಮಗೂ ಹೊಂದುತ್ತದೆ, ಅದಕ್ಕೆ ಮುಂದೆ ಬರುತ್ತೇನೆ.

ನಮ್ಮಲ್ಲಿ ಇನ್ನೊಂದು ತೊಡಕು ಇತ್ತೀಚಿನದು. 2020ರ ನಿಯಮದಲ್ಲಿ, ಹಳೇ ವೈದ್ಯಕೀಯ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಎಲ್ಲ ವೈದ್ಯಕೀಯ ಕಾಲೇಜುಗಳಲ್ಲೂ ತುರ್ತು ಚಿಕಿತ್ಸಾ ವಿಭಾಗ ಕಡ್ಡಾಯ ಅಂದಿತ್ತು. ಗಡುವನ್ನೂ ಕೊಟ್ಟಿತ್ತು. 2023ರ ಹೊಸ ನಿಯಮದಲ್ಲಿ ಎಂಬಿಬಿಎಸ್‌ಗೆ ಕಡ್ಡಾಯವಾದ ವಿಭಾಗಗಳ ಪಟ್ಟಿಯಿಂದ ಅದನ್ನು ಕೈಬಿಟ್ಟರು. ನನ್ನ ಪ್ರಕಾರ ಅದು ದೊಡ್ಡ ಹಿನ್ನಡೆ. ಕಾಲೇಜಿನ ಆಡಳಿತದ ಮುಂದೆ ಹೋಗಿ "ಸರ್, ಇನ್ನೊಂದು ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಬೇಕು" ಅಂದರೆ "ಕಡ್ಡಾಯ ಇಲ್ಲವಲ್ಲ ಡಾಕ್ಟ್ರೇ" ಅನ್ನುವ ಉತ್ತರ ಸುಲಭವಾಗಿ ಬರುತ್ತದೆ. ಆದರೆ ಆಯೋಗ ಹೇಳುವುದು ಕನಿಷ್ಠದ ಮಾತು. ಅದಕ್ಕಿಂತ ಹೆಚ್ಚು ಮಾಡಬೇಡಿ ಅಂತ ಯಾರೂ ರಾಜ್ಯದ ಕೈ ಕಟ್ಟಿಲ್ಲ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಈ ವಿಭಾಗ ಇರಲೇಬೇಕು ಅಂತ ಕರ್ನಾಟಕ ತಾನೇ ತೀರ್ಮಾನ ಮಾಡಬಹುದು.

ಹುದ್ದೆ ಇಲ್ಲದ್ದಕ್ಕೆ ಜನ ಹೋಗುತ್ತಿದ್ದಾರೆ. ನಾನು ಕಲಿಸಿದ ಮಕ್ಕಳಲ್ಲಿ ಚೆನ್ನಾಗಿ ಕಲಿತವರು ಪಿಜಿ ಇರುವಾಗಲೇ ಬ್ರಿಟನ್ನಿನ ಪರೀಕ್ಷೆಗೆ ಓದಲು ಶುರು ಮಾಡುತ್ತಾರೆ. ಅಲ್ಲಿ ಅವರಿಗೆ ಕೆಲಸ ಕಾದಿರುತ್ತದೆ. ಕೆಲವರು ಕೊಲ್ಲಿ ದೇಶಗಳಿಗೆ, ಕೆಲವರು ಕಾರ್ಪೊರೇಟ್ ಆಸ್ಪತ್ರೆಗೆ. ಹೋಗುವವರನ್ನು ನಾನು ದೂರುವುದಿಲ್ಲ. ಮದುವೆ, ಮನೆ, ಅಪ್ಪ ಅಮ್ಮ, ಶಿಕ್ಷಣದ ಸಾಲ, ಎಲ್ಲ ಇರುತ್ತದೆ. ಆದರೆ "ಮೇಡಂ, ಇಲ್ಲೇ ಇರೋ ಆಸೆ ಇದೆ, ಪೋಸ್ಟ್ ಎಲ್ಲಿದೆ ಹೇಳಿ" ಅಂತ ಕೇಳಿದಾಗ ಕೊಡಲು ನನ್ನ ಹತ್ತಿರ ಉತ್ತರ ಇರುವುದಿಲ್ಲ. ಕಲಿಸುವವರು ಇಲ್ಲದಿದ್ದರೆ ಪಿಜಿ ಸೀಟು ಹೆಚ್ಚಾಗುವುದಿಲ್ಲ. ಸೀಟು ಹೆಚ್ಚಾಗದಿದ್ದರೆ ಜಿಲ್ಲೆಗಳಿಗೆ ಡಾಕ್ಟರ್ ಸಿಗುವುದಿಲ್ಲ.

ಹಣ ಎಲ್ಲಿಂದ ಅಂತ ತಾವು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಕೆಲವು ದಾರಿ ಹೇಳುತ್ತೇನೆ.

ಮೂಲ ಹಣ ಬಜೆಟ್ಟಿನಿಂದಲೇ ಬರಬೇಕು. ಸಂಬಳ, ಔಷಧ, ರಿಪೇರಿ ಈ ಮೂರಕ್ಕೆ ಕ್ಲೇಮ್ ಹಣವನ್ನು ನಂಬಿಕೊಳ್ಳುವಂತಿಲ್ಲ. ಕ್ಲೇಮ್ ಬರುವುದು ತಡ, ತಿರಸ್ಕಾರವೂ ಆಗುತ್ತದೆ. ಅಟ್ರೋಪಿನ್ ಮಾತ್ರ ಇವತ್ತೇ ಬೇಕು.

ಅದರ ಮೇಲೆ, ತುರ್ತು ವಿಭಾಗದಲ್ಲಿ ಮಾಡಿದ ಕೆಲಸಕ್ಕೆ ಆರೋಗ್ಯ ಕರ್ನಾಟಕದಲ್ಲಿ ಒಂದು ಪ್ರತ್ಯೇಕ ದರ ಇರಲಿ. ರೋಗಿ ದಾಖಲಾಗಲಿ ಬಿಡಲಿ, ಸ್ಥಿತಿ ಹತೋಟಿಗೆ ತಂದಿದ್ದಕ್ಕೆ ಇಷ್ಟು. ಆ ಹಣ ಆಸ್ಪತ್ರೆಯ ಸಾಮಾನ್ಯ ಖಾತೆಯಲ್ಲಿ ಕರಗಿಹೋಗದೆ ವಿಭಾಗದಲ್ಲೇ ಉಳಿಯಲಿ. ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದಿತು. ಒಳ್ಳೆಯ ಅವಕಾಶ ಇದು. ಆದರೆ ಪೋರ್ಟಲ್‌ನಲ್ಲಿ ವಿವರ ತುಂಬಲು, ಪೊಲೀಸರ ದೃಢೀಕರಣದ ಬೆನ್ನು ಹತ್ತಲು, ಕ್ಲೇಮ್ ಕಳಿಸಲು ವಿಭಾಗದಲ್ಲಿ ಒಬ್ಬರು ಬೇಕು. ಆ ಒಬ್ಬರು ಇಲ್ಲದೆ ಎಷ್ಟೋ ಹಣ ಸುಮ್ನೆ ಕೈತಪ್ಪುತ್ತದೆ. ಪಕ್ಕದ ತಮಿಳುನಾಡು 2021ರ ಡಿಸೆಂಬರ್‌ನಲ್ಲೇ ಅಪಘಾತದ ಮೊದಲ 48 ಗಂಟೆಯ ಚಿಕಿತ್ಸೆಯ ಖರ್ಚನ್ನು ಸರ್ಕಾರ ಹೊರುವ ಯೋಜನೆ ತಂದಿತು. ಗಾಯಾಳು ಯಾವ ರಾಜ್ಯದವರಾದರೂ ಸರಿ. ಗಡಿ ದಾಟಿ ಹೊಸೂರಿಗೆ ಹೋದರೆ ಸಿಗುವುದು ಅತ್ತಿಬೆಲೆಯ ಈ ಕಡೆಯೂ ಸಿಗಬೇಕು.

ಇನ್ನು ಗಾಡಿಗಳು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. 2023ರಲ್ಲಿ ಈ ನಗರದ ರಸ್ತೆಗಳಲ್ಲಿ ಒಂಬತ್ತುನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಫೆಬ್ರುವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಕೆಲವೇ ದಿನದಲ್ಲಿ ನೂರು ಕೋಟಿಗೂ ಹೆಚ್ಚು ಹಣ ಬಂತು. ಹೆಲ್ಮೆಟ್ ಇಲ್ಲದ್ದಕ್ಕೆ, ಸಿಗ್ನಲ್ ಹಾರಿದ್ದಕ್ಕೆ ಕಟ್ಟಿದ ಹಣ ಅದು. ಆ ತಪ್ಪುಗಳ ಪೆಟ್ಟು ತಿಂದವರು ಬಂದು ಬೀಳುವುದು ನಮ್ಮ ಬಾಗಿಲಿಗೆ. ದಂಡದ ಒಂದು ಪಾಲು ಅಪಘಾತ ಚಿಕಿತ್ಸೆಗೆ ಮೀಸಲಿಟ್ಟರೆ ಯಾವ ನಾಗರಿಕರೂ ಬೇಡ ಅನ್ನುವುದಿಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆ ಹೊಸ ವಾಹನಗಳ ಮೇಲೆ ಸೆಸ್ ಹಾಕುವ ತೀರ್ಮಾನವನ್ನು 2024ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮಾಡಿದಿರಿ. ದಾರಿ ಗೊತ್ತಿದೆ ಅಂತಾಯಿತು.

ರಾಜ್ಯಕ್ಕೆ ಮಾಡುವ ಶಕ್ತಿ ಇಲ್ಲ ಅಂತ ನಾನು ನಂಬುವುದಿಲ್ಲ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ ಇಡೀ ನಾಡು ಮಂಕಾಗಿತ್ತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ, ಹೃದಯಾಘಾತ ಅಂತಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ, ಉಚಿತವಾಗಿ. ಎಷ್ಟು ಸರಿಯಾದ ಕೆಲಸ! ಅದು ನಡೆಯುತ್ತಿರುವುದು ಯಾಕಂದ್ರೆ ಆ ಚುಚ್ಚುಮದ್ದಿಗೆ ತನ್ನದೇ ಹಣ ಇದೆ. ಆದರೆ ಅದನ್ನು ಕೊಡುವ ಡ್ಯೂಟಿ ಡಾಕ್ಟರಿಗೆ ಇಸಿಜಿ ಓದಲು, ಕೊಟ್ಟ ಮೇಲೆ ರಕ್ತಸ್ರಾವವಾದರೆ, ಎದೆಬಡಿತ ತಪ್ಪಿದರೆ ಏನು ಮಾಡಬೇಕು ಅಂತ ಕಲಿಸುವವರು ಯಾರು? ಮತ್ತೆ ನಮ್ಮ ವಿಭಾಗಗಳೇ. ಚುಚ್ಚುಮದ್ದಿಗೆ ಹಣ ಕೊಟ್ಟ ಹಾಗೆ ಕಲಿಸುವ ಕೈಗೂ ಕೊಡಬೇಕು.

ಸಂಶೋಧನೆಯ ಬಗ್ಗೆ ಎರಡು ಮಾತು. ನಾವು ಕೇಳುವುದು ದೊಡ್ಡ ಲ್ಯಾಬ್ ಅಲ್ಲ. 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ ಮೊದಲ ರಾಜ್ಯ ನಮ್ಮದು. ಹೆಮ್ಮೆಯ ವಿಷಯ. ಯಾವ ಹಾವು, ಯಾವ ಊರು, ಬರಲು ಎಷ್ಟು ಹೊತ್ತಾಯಿತು, ವಿಷನಿವಾರಕ ಔಷಧದ ಎಷ್ಟು ವಯಲ್ ಬೇಕಾಯಿತು ಅಂತ ಸರಿಯಾಗಿ ಬರೆದಿಟ್ಟರೆ ಎಲ್ಲಿ ಔಷಧ ಇಡಬೇಕು ಅಂತ ಗೊತ್ತಾಗುತ್ತದೆ. ಅಪಘಾತಕ್ಕೂ ಅಷ್ಟೇ. ಗಾಯಗಳ ಲೆಕ್ಕ ಇಟ್ಟು ನಗರಕ್ಕೆ ತೋರಿಸುವ ಕೆಲಸವನ್ನು ನಿಮ್ಹಾನ್ಸ್ ಹಿಂದೆಯೇ ಮಾಡಿ ತೋರಿಸಿದೆ. ಈಗ ನಮ್ಮಲ್ಲಿ ಈ ವಿವರ ಬರೆಯುವವರು ಯಾರು? ಮೂವತ್ತಾರು ಗಂಟೆ ಡ್ಯೂಟಿ ಮುಗಿಸಿದ ಪಿಜಿ. ಒಂದು ಡೇಟಾ ಎಂಟ್ರಿ ಹುದ್ದೆ, ಒಬ್ಬ ಸಂಶೋಧನಾ ಸಹಾಯಕ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಒಂದಿಷ್ಟು ಅನುದಾನ. ಇಷ್ಟು ಸಾಕು ಶುರು ಮಾಡಲು.

ಪ್ರಾಥಮಿಕ ಆರೋಗ್ಯ ಕೇಂದ್ರಗಳೇ ಬಡವಾಗಿರುವಾಗ ಕಾಲೇಜು ಆಸ್ಪತ್ರೆಗೆ ಯಾಕೆ ಜಾಸ್ತಿ ಅಂತ ಕೇಳುವವರು ಇದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಅಲ್ಲಿನ ಹಣದಿಂದ ಒಂದು ಪೈಸೆಯನ್ನೂ ನಾವು ಕೇಳುತ್ತಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಭೆಯೂ ಎಲ್ಲರಿಗೂ ಆರೋಗ್ಯ ಸಿಗಬೇಕಾದರೆ ತುರ್ತು ಚಿಕಿತ್ಸಾ ವ್ಯವಸ್ಥೆ ಅದರ ಭಾಗವಾಗಿರಬೇಕು ಅಂತ ನಿರ್ಣಯ ಮಾಡಿತು. ಒಂದನ್ನು ಬಿಟ್ಟು ಇನ್ನೊಂದು ನಡೆಯುವುದಿಲ್ಲ.

ಎಲ್ಲವನ್ನೂ ಒಂದೇ ಬಜೆಟ್ಟಿನಲ್ಲಿ ಮಾಡಿ ಅಂತ ನಾನು ಕೇಳುವುದಿಲ್ಲ. ಮೊದಲು ಒಂದು ಆದೇಶ ಹೊರಡಿಸಿ. ರಾಜ್ಯದ ಪ್ರತಿ ಸರ್ಕಾರಿ ವೈದ್ಯಕೀಯ ಕಾಲೇಜು ಮುಂದಿನ ಮೂರು ತಿಂಗಳು ತನ್ನ ತುರ್ತು ವಿಭಾಗದ ಖರ್ಚು ಮತ್ತು ಕ್ಲೇಮ್‌ಗಳನ್ನು ಬೇರೆಯಾಗಿ ಬರೆದಿಡಲಿ. ಎಷ್ಟು ಜನ ಬಂದರು, ಎಷ್ಟು ಜನರನ್ನು ದಾಖಲಿಸದೆ ಸುರಕ್ಷಿತವಾಗಿ ಮನೆಗೆ ಕಳಿಸಿದರು, ಎಷ್ಟು ಹೊತ್ತು ವೆಂಟಿಲೇಟರ್ ಇಲ್ಲದೆ ಕಾದರು, ಮಂಜೂರಾದ ಹುದ್ದೆ ಎಷ್ಟು, ನಿಯೋಜನೆ ಮೇಲೆ ಇರುವವರು ಎಷ್ಟು. ಆ ಲೆಕ್ಕ ಕೈಗೆ ಬಂದ ಮೇಲೆ ಪ್ರತ್ಯೇಕ ಶೀರ್ಷಿಕೆಗೆ ಎಷ್ಟು ಹಣ ಬೇಕು ಅಂತ ಆರ್ಥಿಕ ಇಲಾಖೆಯೇ ಹೇಳಬಲ್ಲದು. ಯಾವ ಯಾವ ವಿವರ ಬೇಕು ಅನ್ನುವ ನಮೂನೆಯನ್ನು ನಾವು ವಿಭಾಗದವರೇ ತಯಾರು ಮಾಡಿ ಕೊಡುತ್ತೇವೆ. ಸಭೆಗೆ ಕರೆದರೆ ನೈಟ್ ಡ್ಯೂಟಿ ಮುಗಿಸಿಕೊಂಡು ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ತುರ್ತು ಚಿಕಿತ್ಸಾ ವಿಭಾಗದ ಒಬ್ಬ ಅಧ್ಯಾಪಕಿ,
ಬೆಂಗಳೂರು